ಒಂಟಿ ತಂತಿಯ ಕಡಲ ದಾರಿ

ಉಡುಪಿಯಿಂದ ಮಂಗಳೂರಿನತ್ತ ಹೊರಟ ಬಸ್ಸು ಉದ್ಯಾವರದ ಸೇತುವೆ ಏರಿದರೆ ಕೆಳಗೆ ಹೊಳೆ. ಕಡಲು ಕೂಗಳತೆಯಲ್ಲಿದ್ದರೂ ಈ ಹೊಳೆ ನೇರ ಅಲ್ಲಿಗೆ ಹೋಗುವುದಿಲ್ಲ. ಬಡಗಲಾಗಿ ತಿರುಗಿ, ಪಡುಕೆರೆಯ ಮರಳ ದಿಬ್ಬಕ್ಕೆ ಒತ್ತಿಕೊಂಡೇ ಹರಿದು, ಮಲ್ಪೆಯ ಹತ್ತಿರ ಸಮುದ್ರ ಸೇರುತ್ತದೆ. ಹೀಗೆ ಒಳಗೇ ಉಳಿದ ನೀರು ದೋಣಿಗಳಿಗೆ ಒಳ್ಳೆಯ ಆಸರೆ. ಆಳುಪರು ಇಲ್ಲಿ ರಾಜಧಾನಿ ಮಾಡಿಕೊಂಡದ್ದಕ್ಕೆ ಇದೂ ಒಂದು ಕಾರಣವಿದ್ದೀತು. 8ನೇ ಶತಮಾನದ ಸುಮಾರಿನ ಇಲ್ಲಿನ ವೀರಗಲ್ಲುಗಳು ರಣಸಾಗರ, ಶ್ವೇತವಾಹನರ ಕಾಲದ ಕಾದಾಟಗಳನ್ನೂ ಅದರಲ್ಲಿ ಮಡಿದವರ ಹೆಸರುಗಳನ್ನೂ ಉಳಿಸಿಕೊಂಡಿವೆ. ಆಚೆಯ ಕಡಲಿನಲ್ಲಿ ಯಾರು ಹಾದುಹೋದರು ಎನ್ನುವುದನ್ನು ಬರೆದಿಟ್ಟವರು ಹೊರಗಿನವರು.

1342ರ ಸುಮಾರಿಗೆ ಹಾಗೆ ಹಾದುಹೋದವನೊಬ್ಬ ಇಬ್ನ್ ಬತೂತ. ದಿಲ್ಲಿಯ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟ ಅವನು ಗುಜರಾತಿನಲ್ಲಿ ಹಡಗು ಹತ್ತಿ, ಹೊನ್ನಾವರ, ಬಾರಕೂರು, ಮಂಗಳೂರುಗಳಲ್ಲಿ ತಂಗುತ್ತ ಕಲ್ಲಿಕೋಟೆ ಮುಟ್ಟಿದ. ಬಾರಕೂರಿನಿಂದ ಮಂಗಳೂರಿಗೆ ಹೋಗುವ ಹಡಗು ಉದ್ಯಾವರದ ಮುಂದೆಯೇ ಹೋಗಬೇಕು, ಬೇರೆ ದಾರಿಯಿಲ್ಲ. ಗುಜರಾತಿನಲ್ಲಿ ತಾನು ಹತ್ತಿದ ಹಡಗಿನಲ್ಲಿ ಐವತ್ತು ಮಂದಿ ಹಬಶಿ, ಎಂದರೆ ಆಫ್ರಿಕಾ ಮೂಲದ, ಯೋಧರಿದ್ದರೆಂದು ಅವನು ಬರೆಯುತ್ತಾನೆ. ಈ ಕಡಲಿನಲ್ಲಿ ಅಭಯ ಕೊಡುವವರು ಅವರೇ; ಒಬ್ಬ ಹಬಶಿ ಹಡಗಿನಲ್ಲಿದ್ದರೂ ಸಾಕು, ಕಡಲ್ಗಳ್ಳರು ಹತ್ತಿರ ಸುಳಿಯುವುದಿಲ್ಲ ಎಂಬ ಅರ್ಥದ ಮಾತೂ ಅಲ್ಲಿದೆ. ಕಲ್ಲಿಕೋಟೆಯಲ್ಲಿ ಚೀನೀ ಹಡಗುಗಳನ್ನು ವರ್ಣಿಸುವಾಗ ಹಬಶಿಗಳು ಮತ್ತೆ ಬರುತ್ತಾರೆ. ಹಡಗಿನ ಮುಖ್ಯಸ್ಥ ದಡಕ್ಕಿಳಿದರೆ ಅವನ ಮುಂದೆ ಈಟಿ, ಕತ್ತಿ ಹಿಡಿದ ಹಬಶಿಗಳು, ಜೊತೆಗೆ ನಗಾರಿ, ಕಹಳೆ.

ನಗಾರಿ, ಕಹಳೆ ಅವನ ಕಿವಿಗೆ ಬಿದ್ದವು, ಪುಸ್ತಕಕ್ಕೂ ಏರಿದವು. ರಾತ್ರಿ ಹಡಗಿನ ಮೂಲೆಯಲ್ಲಿ ಒಬ್ಬನೇ ಕುಳಿತವನು ಒಂದು ತಂತಿ ಮಿಡಿದರೆ ಅದು ಪಕ್ಕದವನಿಗೂ ಸರಿಯಾಗಿ ಕೇಳುವುದಿಲ್ಲ, ಪ್ರವಾಸಿಗನಿಗೆ ಕೇಳುವುದಂತೂ ದೂರದ ಮಾತು. ಆಫ್ರಿಕಾದ ಒಂಟಿ ತಂತಿಯ ವಾದ್ಯಗಳ ಚರಿತ್ರೆಯ ಕಷ್ಟ ಇದು. ಸದ್ದು ದೊಡ್ಡದಾದವು ದಾಖಲೆಗೆ ಸೇರಿದವು, ಸಣ್ಣ ದನಿಯವು ಮನುಷ್ಯನ ಜೊತೆಗೇ ಮಣ್ಣಾದವು.

ಆದರೂ ಕೆಲವು ಉಳಿದಿವೆ. ಭಾರತದಲ್ಲಿ ಉಳಿದದ್ದರ ಹೆಸರು ಮಲುಂಗ.

ಗುಜರಾತಿನಲ್ಲಿ ನೆಲೆಸಿದ ಆಫ್ರಿಕಾ ಮೂಲದ ಸಿದ್ದಿಗಳ ವಾದ್ಯ ಇದು. ಭರೂಚ್ ಜಿಲ್ಲೆಯ ರತನ್‌ಪುರದ ಬೆಟ್ಟದ ಮೇಲೆ ಬಾವಾ ಗೋರ್ ಎಂಬ ಸಂತನ ದರ್ಗಾ ಇದೆ. ಸುತ್ತಲ ನೆಲ ಅಕೀಕಿನ ಕಲ್ಲಿಗೆ ಹೆಸರಾದದ್ದು. ಆ ವ್ಯಾಪಾರವನ್ನು ಬೆಳೆಸಿದವನೂ ಈ ಆಫ್ರಿಕಾ ಮೂಲದ ಸಂತನೇ ಎಂಬ ನಂಬಿಕೆ ಅಲ್ಲಿಯದು. ದರ್ಗಾದ ಮುಂದೆ ಸಿದ್ದಿಗಳು ಕುಣಿಯುವ ಧಮಾಲ್ ಅಥವಾ ಗೋಮಾಕ್ಕೆ ಕಾಲಿನ ಮೇಲೆ ನಿಲ್ಲುವ ಮುಗರ್‌ಮಾನ್ ಎಂಬ ದೊಡ್ಡ ಮದ್ದಳೆ ಬೇಕು, ತೆಂಗಿನ ಚಿಪ್ಪಿನ ಗಿಲಕಿ ಬೇಕು, ಶಂಖ ಬೇಕು. ಮಲುಂಗ ಈ ಗದ್ದಲದ ವಾದ್ಯವಲ್ಲ. ಫಕೀರನೊಬ್ಬ ಊರಿಂದೂರಿಗೆ ನಡೆಯುತ್ತ, ಸಂತರ ಹೆಸರು ಹಾಡುತ್ತ, ಭಿಕ್ಷೆ ಎತ್ತುತ್ತ ನುಡಿಸುವಂಥದ್ದು.

ನೋಡಲು ಅದು ಬಾಣವಿಲ್ಲದ ಬಿಲ್ಲು. ಬಾಗಿದ ಕೋಲು, ಎರಡು ತುದಿಗೆ ಬಿಗಿದ ತಂತಿ. ಕೋಲಿಗೆ ಒಂದು ಒಣ ಬುರುಡೆಯನ್ನು ದಾರದಿಂದ ಕಟ್ಟಿರುತ್ತಾರೆ. ಅದೇ ದಾರ ತಂತಿಯನ್ನೂ ಕೋಲಿನತ್ತ ಎಳೆದು ಎರಡು ಭಾಗ ಮಾಡುತ್ತದೆ. ಬುರುಡೆಯ ತೆರೆದ ಬಾಯಿ ವಾದಕನ ಮೈಕಡೆಗೆ. ಬಲಗೈಯ ತೆಳು ಕಡ್ಡಿಯಿಂದ ತಂತಿಗೆ ಹೊಡೆದರೆ ಒಂದು ಸ್ವರ, ಬೆರಳೋ ಮತ್ತೇನೋ ತಂತಿಗೆ ಒತ್ತಿ ಹೊಡೆದರೆ ಅದಕ್ಕಿಂತ ತುಸು ಮೇಲಿನದು. ಸ್ವರ ಇಷ್ಟೇ. ಇದರಲ್ಲಿ ಏನು ಸಂಗೀತ ಎಂದು ಕೇಳುವವರಿಗೆ ಉತ್ತರ ಬುರುಡೆಯಲ್ಲಿದೆ. ಅದರ ಬಾಯನ್ನು ಹೊಟ್ಟೆಗೆ ಒತ್ತಿದರೆ ನಾದ ಮುಚ್ಚಿಕೊಳ್ಳುತ್ತದೆ, ಎರಡು ಬೆರಳು ದೂರ ಸರಿಸಿದರೆ ತೆರೆದುಕೊಳ್ಳುತ್ತದೆ. ಮೂಲ ಸ್ವರದೊಳಗೆ ಅಡಗಿದ ಉಪಸ್ವರಗಳಲ್ಲಿ ಯಾವುದನ್ನು ಮುಂದೆ ತರಬೇಕು, ಯಾವುದನ್ನು ತಡೆಯಬೇಕು ಎಂಬುದು ಈ ಒತ್ತುವಿಕೆಯ ಮೇಲೆ. ಒಂದೇ ಸ್ವರ ‘ಊ’ ಎಂದೂ ‘ಆ’ ಎಂದೂ ‘ಓ’ ಎಂದೂ ಕೇಳುತ್ತದೆ. ವಾದಕನ ದೇಹವೇ ವಾದ್ಯದ ಅರ್ಧ ಭಾಗ.

ಸಂಗೀತ ಶಾಸ್ತ್ರಜ್ಞರಾದ ನಜೀರ್ ಅಲಿ ಜೈರಾಜ್‌ಭಾಯ್ ಮತ್ತು ಆಮಿ ಕ್ಯಾಟ್ಲಿನ್ ಜೈರಾಜ್‌ಭಾಯ್ ದಂಪತಿ ಗುಜರಾತಿನ ಸಿದ್ದಿಗಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿ, 2003ರಲ್ಲಿ ಒಂದು ಸಾಕ್ಷ್ಯಚಿತ್ರವನ್ನು ಹೊರತಂದರು. ‘ಸಿದಿ ಗೋಮಾ’ ತಂಡ ವಿದೇಶದ ವೇದಿಕೆಗಳನ್ನು ಏರಿದ್ದೂ ಆ ಹೊತ್ತಿಗೇ. ಮದ್ದಳೆ, ನವಿಲುಗರಿ, ತಲೆಯಿಂದ ತೆಂಗಿನಕಾಯಿ ಒಡೆಯುವ ಕುಣಿತ ಕಂಡವರಿಗೆ ಕಾರ್ಯಕ್ರಮದ ನಡುವೆ ಬಂದುಹೋಗುವ ಮಲುಂಗ ಎಷ್ಟು ನೆನಪಿದ್ದೀತೋ.

ಈ ಬಿಲ್ಲಿನ ಬಂಧುಗಳನ್ನು ಹುಡುಕಿ ಹೊರಟರೆ ಅರ್ಧ ಭೂಗೋಳ ಸುತ್ತಬೇಕಾಗುತ್ತದೆ. ಮೊಜಾಂಬಿಕಿನ ದಕ್ಷಿಣದಲ್ಲಿ ಇದರ ತದ್ರೂಪವಾದ ಚಿಟೆಂಡೆ ಇದೆ. ಆಫ್ರಿಕಾದ ಇನ್ನೊಂದು ಮಗ್ಗುಲಿನ ಅಂಗೋಲಾದಲ್ಲಿ ಹುಂಗು, ಎಂಬುಲುಂಬುಂಬ. ಗುಲಾಮರ ಹಡಗುಗಳೊಂದಿಗೆ ಪೂರ್ವಕ್ಕೆ ಹೋದದ್ದು ರಿಯೂನಿಯನ್, ಮಾರಿಷಸ್ ದ್ವೀಪಗಳಲ್ಲಿ ಬೋಬ್ರ್ ಆಯಿತು. ಪಶ್ಚಿಮಕ್ಕೆ ಹೋದದ್ದು ಬ್ರೆಜಿಲಿನಲ್ಲಿ ಬೆರಿಂಬಾವ್ ಆಗಿ ಜಗತ್ಪ್ರಸಿದ್ಧವಾಯಿತು.

ಬೆರಿಂಬಾವಿನ ಕಥೆ ಇಲ್ಲಿ ಸ್ವಲ್ಪ ವಿವರವಾಗಿ ಬೇಕು, ಮಲುಂಗದ ಗತಿ ಅರ್ಥವಾಗುವುದು ಅದರ ಪಕ್ಕದಲ್ಲಿಟ್ಟಾಗಲೇ. 1816ರಿಂದ 1831ರವರೆಗೆ ಬ್ರೆಜಿಲಿನಲ್ಲಿದ್ದ ಫ್ರೆಂಚ್ ಚಿತ್ರಕಾರ ಜಾನ್ ಬಾಪ್ಟಿಸ್ಟ್ ದೆಬ್ರೆ, ರಿಯೊ ನಗರದ ಬೀದಿಯಲ್ಲಿ ಬಿಲ್ಲು ನುಡಿಸುವ ಕುರುಡ ಹಾಡುಗಾರನೊಬ್ಬನನ್ನು ಚಿತ್ರಿಸಿದ. ಆಗ ಅದು ಬೀದಿಯ ವಾದ್ಯ: ಹಾಡುವವರು ಕಾಸಿಗಾಗಿ ನುಡಿಸುತ್ತಿದ್ದರು, ತಲೆಹೊರೆ ವ್ಯಾಪಾರಿಗಳು ಗಿರಾಕಿ ಕರೆಯಲು ಬಳಸುತ್ತಿದ್ದರು. ಮಲುಂಗದ ಫಕೀರನಿಗೂ ಇವರಿಗೂ ಬದುಕಿನಲ್ಲಿ ಹೆಚ್ಚು ದೂರವಿಲ್ಲ. ಆದರೆ ಬ್ರೆಜಿಲಿನಲ್ಲಿ ಈ ಬಿಲ್ಲು ಒಂದು ಗುಂಪಿನ ಕೈಗೆ ಸಿಕ್ಕಿತು. ಆಫ್ರಿಕನ್ ಮೂಲದವರ ಕಾಳಗದ ಕುಣಿತವಾದ ಕಪೊಯೇರಾ ಅದನ್ನು ತನ್ನ ವೃತ್ತದ ನಡುವೆ ಕೂರಿಸಿತು. 1890ರ ದಂಡಸಂಹಿತೆ ಕಪೊಯೇರಾವನ್ನು ಅಪರಾಧವೆಂದು ಸಾರಿದರೂ ಅದು ಮರೆಯಲ್ಲಿ ಬದುಕಿತು. 1930ರ ದಶಕದಲ್ಲಿ ಸಾಲ್ವಡೋರ್ ನಗರದ ಮೆಸ್ತ್ರೆ ಬಿಂಬ ಅದಕ್ಕೆ ಶಾಲೆಯ ರೂಪ ಕೊಟ್ಟ. ಇಂದು ಬೆರಿಂಬಾವ್ ಬಾರಿಸುವ ಗತಿಯೇ ಆಟದ ವೇಗ ನಿರ್ಧರಿಸುತ್ತದೆ. ಅದು ನಿಂತರೆ ಆಟವೂ ನಿಂತಂತೆ. ತಂತಿ ಹಳೆಯ ಟೈರಿನಿಂದ ಕಿತ್ತ ಉಕ್ಕಿನದು, ತಂತಿಗೆ ಒತ್ತುವುದು ಒಂದು ನಾಣ್ಯ ಅಥವಾ ಕಲ್ಲು, ಬಲಗೈಯಲ್ಲಿ ಕಡ್ಡಿಯ ಜೊತೆ ಬೆತ್ತದ ಪುಟ್ಟ ಗಿಲಕಿ. ಕಪೊಯೇರಾ ವೃತ್ತ 2014ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ನಾನಾ ವಾಸ್ಕೊನ್ಸೆಲೋಸ್ ಎಂಬ ವಾದಕ ಅದೊಂದೇ ತಂತಿಯನ್ನು ಜಾಝ್ ವೇದಿಕೆಗೂ ಒಯ್ದ.

ಕರ್ನಾಟಕದಲ್ಲೂ ಸಿದ್ದಿಗಳಿದ್ದಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ, ಜೋಯಿಡಾ, ಬೆಳಗಾವಿಯ ಖಾನಾಪುರ, ಧಾರವಾಡದ ಕಲಘಟಗಿ. ಉಡುಪಿಯವರಿಗೆ ಇದು ದೂರದ ಸೀಮೆಯೇನಲ್ಲ. ಉಡುಪಿಯ ಎರಡು ವರ್ಷಗಳ ಪರ್ಯಾಯಕ್ಕೆ ಕ್ರಮ ಹಾಕಿಕೊಟ್ಟ ವಾದಿರಾಜರ ವೃಂದಾವನ ಇರುವ ಸೋದೆ ಶಿರಸಿ ತಾಲೂಕಿನದೇ. ಸೋದೆಗೆ ಹೋಗಿಬಂದ ಉಡುಪಿಯವರಲ್ಲಿ ಎಷ್ಟು ಮಂದಿ ಆಚೆ ಕಾಡಿನಂಚಿನ ಸಿದ್ದಿ ಕೇರಿಗಳನ್ನು ಕಂಡಿದ್ದಾರೋ ಕಾಣೆ.

ಇವರ ಹಿರಿಯರಲ್ಲಿ ಬಹುಮಂದಿ ಬಂದದ್ದು ಗೋವಾದ ಮೂಲಕ. ಪೋರ್ಚುಗೀಸರು 16ನೇ ಶತಮಾನದಿಂದ ಮೊಜಾಂಬಿಕ್ ತೀರದ ಜನರನ್ನು ಹಿಡಿದು ತಂದು ಗೋವಾದಲ್ಲಿ ಮಾರಿದರು. ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು ಘಟ್ಟದ ಕಾಡು ಸೇರಿದರು. ಅಡಿಕೆ ತೋಟದವರ ಆಳುಗಳಾದರು, ಕಾಡಿನ ನಡುವೆ ಗದ್ದೆ ಕಡಿದರು. ಹಿಂದೂ, ಕ್ರೈಸ್ತ, ಮುಸ್ಲಿಂ ಎಂದು ಮೂರು ಮತಗಳಲ್ಲಿ ಹಂಚಿಹೋದರೂ ಹಿರಿಯರ ಪೂಜೆ ಬಿಡಲಿಲ್ಲ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ, ಬೆಳಗಾವಿ ಮತ್ತು ಧಾರವಾಡದವರು 2020ರಲ್ಲಿ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ರಾಜ್ಯದ ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲಿಗರು ಅವರು.

ಚಿಟೆಂಡೆಯ ನಾಡಿನಿಂದ ಬಂದವರ ಮಕ್ಕಳ ಕೈಯಲ್ಲಿ ಇಂದು ಮೆರೆಯುವುದು ಬಿಲ್ಲಲ್ಲ, ಡಮಾಮಿ. ಮರದ ಉದ್ದನೆಯ ಒಡಲು, ಎರಡು ಕಡೆ ಚರ್ಮ. ಅದರ ಬಡಿತಕ್ಕೆ ಹೆಂಗಸರು ಗಂಡಸರು ಸುತ್ತುಗಟ್ಟಿ ಕುಣಿಯುತ್ತಾರೆ. ಹಬ್ಬ, ಮದುವೆ, ಹಿರಿಯರ ಪೂಜೆ ಎಲ್ಲಕ್ಕೂ ಅದೇ. ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಡಮಾಮಿ ಊರಿನದು. ಬಾರಿಸುವವನು ಸತ್ತರೆ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ, ಏಕೆಂದರೆ ಪೂಜೆ ನಿಲ್ಲುವಂತಿಲ್ಲ. ಬಿಲ್ಲು ಒಬ್ಬನದು. ಮಾರಾಟವಾಗಿ ಬಂದವನು, ಓಡಿ ಬಂದವನು, ಇನ್ನೊಬ್ಬರ ತೋಟದಲ್ಲಿ ಬೆಳಗಿನಿಂದ ಬೈಗಿನ ತನಕ ದುಡಿದವನು ಕುಳಿತು ತಂತಿ ಮಿಡಿಯುವುದನ್ನು ಮಗನಿಗೆ ಕಲಿಸಲು ಬಿಡುವು ಯಾವಾಗಿನದು?

1980ರ ದಶಕದಲ್ಲಿ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ, ಮಂಚಿಕೇರಿ ಕಡೆಯ ಸಿದ್ದಿಗಳನ್ನು ಕಟ್ಟಿಕೊಂಡು ಒಂದು ನಾಟಕ ಆಡಿಸಿತು. ನೈಜೀರಿಯಾದ ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯ ಕನ್ನಡ ರಂಗರೂಪ ಅದು. ನಿರ್ದೇಶನ ಚಿದಂಬರರಾವ್ ಜಂಬೆಯವರದು. ಆ ಕಾದಂಬರಿಯ ನಾಯಕ ಒಕೊಂಕ್ವೊನ ತಂದೆ ಉನೋಕ ಕೊಳಲು ನುಡಿಸುವವನು. ಸೋಮಾರಿ, ಸಾಲಗಾರ ಎಂದು ಊರು ನಗುತ್ತದೆ, ಮಗನಿಗೆ ನಾಚಿಕೆ. ಊರಿನ ಡೋಲಿಗೆ ಮಾತ್ರ ಮರ್ಯಾದೆ ಎಂದೂ ಕಡಿಮೆಯಾಗುವುದಿಲ್ಲ. ಒಬ್ಬಂಟಿ ವಾದ್ಯದವನ ಪಾಡು ಆಫ್ರಿಕಾದಲ್ಲೂ ಅಷ್ಟೆ ಎಂದು ಅಚಿಬೆ ಗುರುತಿಸಿದ್ದು ಸುಮ್ಮನೆ ಅಲ್ಲ.

ಆಫ್ರಿಕಾದ ಒಂಟಿ ತಂತಿಯ ಮಾತು ಬಂದಾಗಲೆಲ್ಲ ಕನ್ನಡದವರು ಒಂದು ಪ್ರಶ್ನೆ ಎತ್ತುತ್ತಾರೆ: ಹಾಗಾದರೆ ನಮ್ಮ ಏಕತಾರಿ? ಅದೂ ಬುರುಡೆ, ಅದೂ ಒಂದೇ ತಂತಿ. ಆಫ್ರಿಕಾದಿಂದ ಬಂದದ್ದೆ?

ಬುರುಡೆ ಬಂದದ್ದು ಹೌದು. ಸೋರೆ ಬಳ್ಳಿಯ ಕಾಡು ಮೂಲ ಆಫ್ರಿಕಾ ಎಂಬುದು ಸಸ್ಯವಿಜ್ಞಾನಿಗಳ ನಿರ್ಣಯ. ಚರಿತ್ರೆ ಶುರುವಾಗುವುದಕ್ಕೆ ಸಾವಿರಾರು ವರ್ಷ ಮೊದಲೇ ಅದು ಏಷ್ಯಾಕ್ಕೂ ಅಮೆರಿಕಕ್ಕೂ ಹಬ್ಬಿತ್ತು. ಅಮೆರಿಕದ ಹಳೆಯ ಸೋರೆಗಳು ಆಫ್ರಿಕಾದಿಂದ ಅಟ್ಲಾಂಟಿಕ್ ನೀರಿನಲ್ಲಿ ತಾವೇ ತೇಲಿಕೊಂಡು ಹೋದವು ಎಂದು 2014ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಹೇಳಿತು. ಒಣಗಿದ ಸೋರೆ ಮುಳುಗುವುದಿಲ್ಲ, ಒಳಗಿನ ಬೀಜ ಬೇಗ ಕೆಡುವುದೂ ಇಲ್ಲ. ಬುರುಡೆ ಕಟ್ಟಿಕೊಂಡು ಈಜು ಕಲಿತ ಕರಾವಳಿಯ ಹಿಂದಿನ ತಲೆಮಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಳ್ಳಿಯಲ್ಲೇ ಬಲಿತು, ತೊಟ್ಟು ಒಣಗಿದ ಮೇಲೆ ಕಿತ್ತು, ತಿರುಳು ತೆಗೆದು, ಅಡುಗೆಮನೆಯ ಹೊಗೆಗೆ ತೂಗಿಟ್ಟರೆ ಹುಳು ಹಿಡಿಯದ ಗಟ್ಟಿ ಬುರುಡೆ ಸಿದ್ಧ. ತಂಬೂರಿ, ವೀಣೆ, ಏಕತಾರಿ, ಹಾವಾಡಿಗರ ಪುಂಗಿ, ಹಾರ್ಮೋನಿಯಂ ಬರುವ ಮೊದಲು ಯಕ್ಷಗಾನದ ಭಾಗವತರಿಗೆ ಶ್ರುತಿ ಹಿಡಿದ ಪುಂಗಿ, ಎಲ್ಲದರಲ್ಲೂ ಇದೇ ಕಾಯಿ.

ವಾದ್ಯ ಮಾತ್ರ ಬೇರೆ ಕುಲದ್ದು. ಏಕತಾರಿಯಲ್ಲಿ ಬಿಲ್ಲಿಲ್ಲ, ಬುರುಡೆಯನ್ನು ತೂರಿ ನಿಂತ ನೆಟ್ಟನೆಯ ದಂಡಿಗೆ ಇದೆ. ತಂತಿಗೆ ಹೊಡೆಯುವುದಿಲ್ಲ, ತೋರುಬೆರಳಿನಿಂದ ಮೀಟುತ್ತಾರೆ. ಮಲುಂಗದ ತಂತಿ ತಾನೇ ಹಾಡುತ್ತದೆ, ಬಣ್ಣ ಬದಲಿಸುತ್ತದೆ. ಏಕತಾರಿಯ ತಂತಿ ಬದಲಾಗದೆ ಒಂದೇ ಶ್ರುತಿ ಹಿಡಿದು ಹಾಡುವವನಿಗೆ ನೆಲೆ ಕೊಡುತ್ತದೆ. ಸುಮ್ಮನೆ ಬುರುಡೆ, ತಂತಿ ನೋಡಿ ನೆಂಟಸ್ತಿಕೆ ಕಟ್ಟುವುದು ಮೂಗಿನ ಆಕಾರ ನೋಡಿ ಕುಲ ಹೇಳಿದ ಹಾಗೆ. ಕೇಳಬೇಕಾದದ್ದು ತಂತಿ ಏನು ಕೆಲಸ ಮಾಡುತ್ತದೆ ಎಂದು.

ಈ ಕುಲವೂ ಹಳೆಯದೇ. 13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿ ಶಾರ್ಙ್ಗದೇವ ಬರೆದ ‘ಸಂಗೀತ ರತ್ನಾಕರ’ದಲ್ಲಿ ಏಕತಂತ್ರಿ ವೀಣೆಗೆ ದೊಡ್ಡ ಗೌರವ. 15ನೇ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥ ಆ ಗ್ರಂಥಕ್ಕೆ ವ್ಯಾಖ್ಯಾನ ಬರೆದ. ಇವೆರಡಕ್ಕಿಂತ ಮೊದಲೇ, 12ನೇ ಶತಮಾನದಲ್ಲಿ, ಬಸವಣ್ಣ ತನ್ನ ದೇಹವನ್ನೇ ದಂಡಿಗೆ, ಶಿರವನ್ನೇ ಸೋರೆ, ನರಗಳನ್ನೇ ತಂತಿ ಮಾಡಿಕೊಳ್ಳೆಂದು ದೇವರನ್ನು ಕೇಳಿಕೊಂಡ. ಮುಂದೆ ಹರಿದಾಸರ ತಂಬೂರಿ, ನಾಥಪಂಥದ ಜೋಗಿಗಳ ಕಿನ್ನರಿ, ತತ್ವಪದಕಾರರ ಏಕತಾರಿ ಹೀಗೆ ಅದು ಕವಲೊಡೆಯಿತು. ಮಂಗಳೂರಿನ ಕದ್ರಿ ಜೋಗಿ ಮಠಕ್ಕೆ ಇಂದಿಗೂ ಹನ್ನೆರಡು ವರ್ಷಕ್ಕೊಮ್ಮೆ ಹೊಸ ಅರಸು, ತ್ರ್ಯಂಬಕೇಶ್ವರದಿಂದ ಸಾಧುಗಳ ಗುಂಪಿನೊಂದಿಗೆ ಕಾಲ್ನಡಿಗೆಯಲ್ಲಿ ಬರುತ್ತಾರೆ. ಒಂದು ತಂತಿಯ ವಾದ್ಯ ಉಪಖಂಡದ ಉದ್ದಕ್ಕೂ ಹಬ್ಬಿದ್ದಕ್ಕೆ ಇಂಥ ನಡಿಗೆಗಳೂ ಕಾರಣವಿದ್ದೀತು. ಜೋಳಿಗೆ ಹೊತ್ತು ನಡೆಯುವವನಿಗೆ ಏಳು ತಂತಿಯ ವೀಣೆ ಯಾತಕ್ಕೆ?

ಚರ್ಮಕ್ಕೆ ತಂತಿ ಕಟ್ಟಿ ನುಡಿಸುವ ಇನ್ನೊಂದು ಬಗೆಯೂ ನಮ್ಮಲ್ಲಿದೆ, ಸವದತ್ತಿ ಎಲ್ಲಮ್ಮನ ಜೋಗತಿಯರ ಚೌಡಿಕೆ. ಕೊಳಗದಂಥ ಮರದ ಒಡಲು, ತಳಕ್ಕೆ ಚರ್ಮ, ಅದರ ನಡುವಿನಿಂದ ಹೊರಟ ಒಂದು ತಂತಿ. ಕಂಕುಳಲ್ಲಿ ಅವಚಿ ಮೀಟಿದರೆ ತಂತಿಯ ನಾದವೂ ಚರ್ಮದ ಗುಮುಕೂ ಒಟ್ಟಿಗೆ ಹೊರಡುತ್ತವೆ. ಚೌಡಿಕೆಯ ಬೆನ್ನಿಗೆ ನೋವಿನ ಚರಿತ್ರೆಯಿದೆ. 1982ರ ಕರ್ನಾಟಕದ ದೇವದಾಸಿ ನಿಷೇಧ ಕಾನೂನು ಆ ಪದ್ಧತಿಯನ್ನು ತಡೆದ ಮೇಲೆ ವಾದ್ಯವನ್ನು ಪದ್ಧತಿಯಿಂದ ಬಿಡಿಸಿ ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಹುಟ್ಟಿತು. ಮಂಜಮ್ಮ ಜೋಗತಿ ಜೋಗತಿ ನೃತ್ಯವನ್ನು ರಂಗಕ್ಕೆ ತಂದು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದದ್ದು ಅದಕ್ಕೆ ಸಿಕ್ಕ ಒಂದು ಉತ್ತರ.

ತೆಂಕಲಾಗಿ ಚಂದ್ರಗಿರಿ ಹೊಳೆ ದಾಟಿ ಇಳಿದರೆ ಮಲಯಾಳದ ಪುಳ್ಳುವರು ಸಿಗುತ್ತಾರೆ. ತಳ ತೆಗೆದ ಮಣ್ಣಿನ ಕೊಡಕ್ಕೆ ಚರ್ಮ ಬಿಗಿದು, ಚರ್ಮದಿಂದ ಹೊರಟ ತಂತಿಯನ್ನು ಮರದ ತುಂಡಿಗೆ ಕಟ್ಟಿ, ಆ ತುಂಡನ್ನು ಕಾಲಡಿ ಒತ್ತಿ ಹಿಡಿದು ಮೀಟುವ ಪುಳ್ಳುವ ಕುಡ ಅವರದು. ಕಮಾನಿನಿಂದ ಉಜ್ಜುವ ಒಂದು ತಂತಿಯ ಪುಳ್ಳುವ ವೀಣೆಯೂ ಉಂಟು. ಎರಡೂ ನಾಗನ ಹಾಡಿಗೆ. ಉಡುಪಿ ಸೀಮೆಯ ನಾಗನಿಗೆ ತಂತಿ ಬೇಡ, ನಾಗಾರಾಧನೆ ನಡೆಸುವ ವೈದ್ಯರೆಂಬವರ ಡಕ್ಕೆ ಬೇಕು. ಪಡುಬಿದ್ರಿಯ ಬ್ರಹ್ಮಸ್ಥಾನದ ಡಕ್ಕೆಬಲಿಯನ್ನು ಕಂಡವರಿಗೆ ಅದರ ನುಡಿತ ಗೊತ್ತು. ಹಗ್ಗ ಒತ್ತಿದಂತೆ ಡಕ್ಕೆಯ ದನಿಯೂ ಏರಿಳಿಯುತ್ತದೆ. ಒಂದೇ ದೈವತ, ನೂರಾರು ಕಿಲೊಮೀಟರಿನ ಅಂತರದಲ್ಲಿ ಒಂದು ಕಡೆ ತಂತಿ, ಇನ್ನೊಂದು ಕಡೆ ಚರ್ಮ. ಇಷ್ಟು ಹತ್ತಿರದಲ್ಲೇ ಇಷ್ಟು ವ್ಯತ್ಯಾಸ ಇರುವಾಗ ಸಾಗರದಾಚೆಯ ಸಾಮ್ಯವನ್ನು ತೂಗಿ ನೋಡಿಯೇ ಒಪ್ಪಬೇಕು.

ಸಾಗರದಾಚೆಗೂ ಕುಲಗಳು ಕಲೆತದ್ದುಂಟು. ಅದನ್ನು ಕಾಣಲು ಮಡಗಾಸ್ಕರ್‌ಗೆ ಹೋಗಬೇಕು. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾ ಎಂಬುದು ಉಡುಪಿಯ ಶಾಲಾಮಕ್ಕಳಿಗೂ ಗೊತ್ತು. ಆ ಬೇರ್ಪಟ್ಟ ನೆಲದಲ್ಲಿ ಬುರುಡೆ ಕಟ್ಟಿದ ಬಿಲ್ಲು ಜೆಜಿ ಲಾವಾ ಇದೆ, ಅದು ಆಫ್ರಿಕಾದ್ದು. ಅದರ ಪಕ್ಕದಲ್ಲೇ ನೆಟ್ಟನೆಯ ದಂಡಿಗೆಗೆ ಬುರುಡೆ ಕಟ್ಟಿದ ಜೆಜಿ ವೋಟಾವೊ ಇದೆ. ಅದರ ಬೇರನ್ನು ವಿದ್ವಾಂಸರು ಏಷ್ಯಾದ ಕಡೆಗೆ, ಇಂಡೊನೇಷ್ಯಾ ಮತ್ತು ಅದರಾಚೆ ಭಾರತದ ದಂಡಿಗೆಯ ವೀಣೆಗಳತ್ತ ಹುಡುಕುತ್ತಾರೆ. ಮಲುಂಗದ ಕುಲವೂ ಏಕತಂತ್ರಿಯ ಕುಲವೂ ಒಂದೇ ದ್ವೀಪದಲ್ಲಿ ನೆರೆಹೊರೆಯಾಗಿ ಬಾಳಿವೆ.

ಉಜ್ಜಿ ನುಡಿಸುವ ಒಂಟಿ ತಂತಿಯ ಸಂಸಾರ ಆಫ್ರಿಕಾದಲ್ಲಿ ಇನ್ನೂ ದೊಡ್ಡದು: ಇಥಿಯೋಪಿಯಾದ ಅಜ್ಮಾರಿ ಹಾಡುಗಾರರ ಮಸೆಂಕೊ, ಕೆನ್ಯಾದ ಲುವೊ ಜನರ ಒರುಟು, ಉಗಾಂಡಾದ ಎಂಡಿಂಗಿಡಿ, ಹೌಸಾ ನಾಡಿನ ಗೊಗೆ. ಸಹಾರಾದ ತುವಾರೆಗ್ ಜನರಲ್ಲಿ ಇಮ್ಜಾದ್ ಎಂಬುದನ್ನು ನುಡಿಸುವವರು ಹೆಂಗಸರು ಮಾತ್ರ, ಗಂಡಸರು ಹಾಡಬಹುದು. 2013ರಲ್ಲಿ ಅದು ಯುನೆಸ್ಕೊ ಪಟ್ಟಿಗೆ ಬಂತು. ಅಮೆರಿಕದ ಮಿಸಿಸಿಪಿಯ ಕಪ್ಪುಜನರು ಮರದ ಗೋಡೆಗೆ ಎರಡು ಮೊಳೆ ಹೊಡೆದು, ಪೊರಕೆ ಕಟ್ಟಿದ ತಂತಿ ಬಿಚ್ಚಿ ಬಿಗಿದು, ಬಾಟಲಿ ಜಾರಿಸಿ ನುಡಿಸಿದ ‘ಡಿಡ್ಲಿ ಬೋ’ಗೂ ಆಫ್ರಿಕಾದ ಮಕ್ಕಳ ಒಂಟಿ ತಂತಿಯ ಆಟಿಕೆ ವಾದ್ಯಗಳೇ ಮೂಲ. ಬ್ಲೂಸ್ ಸಂಗೀತದ ಎಷ್ಟೋ ಗಿಟಾರುಗಾರರು ಬೆರಳು ಪಳಗಿಸಿದ್ದು ಅದರ ಮೇಲೆ.

ಮಾಲಿ ದೇಶದ ಅಲಿ ಫರ್ಕಾ ತೂರೆ ಎಂಬ ದೊಡ್ಡ ಗಿಟಾರುವಾದಕನೂ ಮೊದಲು ಕಲಿತದ್ದು ಒಂದು ತಂತಿಯ ಜುರ್ಕೆಲ್. ಅಮೆರಿಕದ ರೈ ಕೂಡರ್ ಜೊತೆ ಅವನು ಮಾಡಿದ ಆಲ್ಬಮ್‌ಗೆ 1995ರಲ್ಲಿ ಗ್ರಾಮಿ ಬಂತು. 

ಈ ಎಲ್ಲ ವಾದ್ಯಗಳಲ್ಲಿ ಯಾವುದು ಉಳಿಯಿತು, ಯಾವುದು ಅಳಿಯಿತು ಎಂದು ನೋಡಿದರೆ ಲೆಕ್ಕ ಸ್ಪಷ್ಟ. ಬೆರಿಂಬಾವ್ ಕಪೊಯೇರಾವನ್ನು ಹಿಡಿದು ಉಳಿಯಿತು, ಚೌಡಿಕೆ ಎಲ್ಲಮ್ಮನನ್ನು, ಪುಳ್ಳುವ ಕುಡ ನಾಗನನ್ನು, ಏಕತಾರಿ ಭಜನೆಯನ್ನು. ಡಮಾಮಿ ಹಿರಿಯರ ಪೂಜೆಯನ್ನು. ಮಲುಂಗಕ್ಕೆ ಹಿಡಿಯಲು ಇದ್ದದ್ದು ಅಲೆಮಾರಿ ಫಕೀರನೊಬ್ಬನ ಭುಜ ಮಾತ್ರ. ಅಲೆಯುವವರು ಕಡಿಮೆಯಾದಂತೆ ಅದೂ ಕಡಿಮೆಯಾಯಿತು. ತಂತಿ ಒಂದೇ ಆದದ್ದು ಅದರ ಬಡತನವಲ್ಲ, ಕೇಳುವ ಕೂಟ ಇಲ್ಲವಾದದ್ದೇ ಬಡತನ.

ಉಡುಪಿಗೆ ಈ ವಿಷಯದಲ್ಲಿ ಒಂದು ಹೊಣೆಯಿದೆ. ಸಣ್ಣ ದನಿಗಳನ್ನು ಹಿಡಿದಿಡುವ ಕೆಲಸ ಈ ಊರಿಗೆ ಹೊಸದಲ್ಲ. ಕು.ಶಿ. ಹರಿದಾಸ ಭಟ್ಟರು ಎಂ.ಜಿ.ಎಂ. ಕಾಲೇಜಿನಲ್ಲಿ ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಕರಾವಳಿಯ ಕಲೆಗಳನ್ನು ಟೇಪಿಗೂ ಚಿತ್ರಕ್ಕೂ ಇಳಿಸಿದ ಕಾಲದಲ್ಲಿ, ಅಂಥ ಕೆಲಸ ದೇಶದಲ್ಲಿ ಬೆರಳೆಣಿಕೆಯ ಕಡೆ ನಡೆಯುತ್ತಿತ್ತು. ತುಳುನಾಡಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆಗೂಡಿ 1990ರಲ್ಲಿ ದಾಖಲಿಸಿದರು. 15,683 ಸಾಲುಗಳ ಆ ಮಹಾಕಾವ್ಯ 1998ರಲ್ಲಿ ಅಚ್ಚಾಯಿತು. ಒಬ್ಬ ರೈತನ ಕಂಠದಲ್ಲಿದ್ದದ್ದು ಜಗತ್ತಿನ ಕಪಾಟಿಗೆ ಸೇರಿದ್ದು ಹೀಗೆ.

ಅದೇ ಶ್ರದ್ಧೆ ಈಗ ಸಿದ್ದಿಗಳ ವಾದ್ಯಗಳಿಗೆ ಸಲ್ಲಬೇಕು. ಯಲ್ಲಾಪುರ, ಹಳಿಯಾಳದ ಹಿರಿಯರನ್ನು ಕಂಡು, ಡಮಾಮಿಯ ಜೊತೆ ಅಜ್ಜಂದಿರ ಕೈಯಲ್ಲಿ ಮತ್ತೇನಿತ್ತು ಎಂದು ಅವರ ಮಾತಿನಲ್ಲೇ ಬರೆದುಕೊಳ್ಳುವ ಕೆಲಸ ತಡವಾದಷ್ಟೂ ಕಷ್ಟ. ರತನ್‌ಪುರದಿಂದ ಮಲುಂಗ ಬಲ್ಲ ಒಬ್ಬರನ್ನಾದರೂ ಕರೆಸಿ, ಮಂಚಿಕೇರಿಯ ಹುಡುಗರ ಎದುರು, ಉಡುಪಿಯಲ್ಲೋ ಮಣಿಪಾಲದಲ್ಲೋ ನಾಲ್ಕು ದಿನ ಕೂರಿಸುವುದು ಯಾವ ಸಂಸ್ಥೆಗೂ ದೊಡ್ಡ ಖರ್ಚಲ್ಲ. ಬಾಗುವ ಕೋಲು, ಒಣ ಸೋರೆ, ಹಳೆ ಟೈರಿನ ತಂತಿ ಈ ಊರಿನಲ್ಲೇ ಸಿಗುತ್ತವೆ. ಕಲಿಸುವವರು ಇರುವಾಗಲೇ ಕರೆಸಬೇಕು.